ಚರ್ಚ್‌ಗೆ ಊಟದ ಪೊಟ್ಟಣ ಕಟ್ಟಲು ಹೋಗುವ ಮುಂಚೆ

ಅಮೆರಿಕಕ್ಕೆ ಬಂದ ಹೊಸದರಲ್ಲಿ ಪಕ್ಕದ ಮನೆಯವರೋ ಆಫೀಸಿನವರೋ ಒಮ್ಮೆಯಾದರೂ ಕೇಳುತ್ತಾರೆ: ಶನಿವಾರ ನಮ್ಮ ಚರ್ಚ್‌ನಲ್ಲಿ ಹಸಿದ ಮಕ್ಕಳಿಗೆ ಊಟ ಪ್ಯಾಕ್ ಮಾಡ್ತೀವಿ, ಬರ್ತೀರಾ? ನಮ್ಮವರಲ್ಲಿ ಬಹಳ ಜನ ನಕ್ಕು ಜಾರಿಕೊಳ್ಳುತ್ತಾರೆ. ನಾನೂ ಎರಡು ಸಲ ಜಾರಿಕೊಂಡಿದ್ದೆ. ಚರ್ಚ್ ಅಂದ ಮೇಲೆ ಅವರ ಮತಕ್ಕೆ ಕರೆಯುತ್ತಾರೇನೋ ಅಂತ ಒಳಗೊಳಗೇ ಅಳುಕು. ಮೂರನೇ ಸಲ ಹೋದೆ. ನಿಮ್ಮ ದೇವರು ಯಾರು ಅಂತ ಒಬ್ಬರೂ ಕೇಳಲಿಲ್ಲ. ಕೈ ತೊಳೆದಿರಾ ಅಂತ ಮಾತ್ರ ಎರಡು ಸಲ ಕೇಳಿದರು.

ಪ್ರಾರ್ಥನೆ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಕೆಲಸ ಮುಗಿದ ಮೇಲೆ ತುಂಬಿದ ರಟ್ಟಿನ ಡಬ್ಬಗಳ ಸುತ್ತ ನಿಂತು ಎರಡು ನಿಮಿಷ ಪ್ರಾರ್ಥಿಸುತ್ತಾರೆ. ಸೇರಲೇಬೇಕು ಅಂತಿಲ್ಲ. ನಾನು ಸುಮ್ನೆ ಹಿಂದೆ ನಿಂತಿರುತ್ತೇನೆ. ಆ ಹೊತ್ತಲ್ಲಿ ಫೋನ್ ತೆಗೆಯದಿದ್ದರೆ ಸಾಕು.

ಈ ಕೆಲಸ ಮಾಡಿಸುವ ಸಂಸ್ಥೆಗಳಲ್ಲಿ ಎರಡರ ಹೆಸರು ನಿಮಗೆ ಜಾಸ್ತಿ ಕೇಳಿಸುತ್ತದೆ. ಒಂದು ‘ಫೀಡ್ ಮೈ ಸ್ಟಾರ್ವಿಂಗ್ ಚಿಲ್ಡ್ರನ್’. 1987ರಲ್ಲಿ ಮಿನ್ನೆಸೋಟದಲ್ಲಿ ಶುರುವಾದ ಕ್ರೈಸ್ತ ಸಂಸ್ಥೆ. ಅವರದೇ ಕೇಂದ್ರಗಳಿವೆ, ಸಾಮಾನು ತಂದು ಚರ್ಚ್ ಹಾಲ್‌ಗಳಲ್ಲೂ ನಡೆಸುತ್ತಾರೆ. ಇನ್ನೊಂದು 1998ರಲ್ಲಿ ನಾರ್ತ್ ಕ್ಯಾರೊಲಿನಾದಲ್ಲಿ ಶುರುವಾದ ‘ರೈಸ್ ಅಗೇನ್ಸ್ಟ್ ಹಂಗರ್’. ಕೊಡುವುದು ಅಕ್ಕಿ ಅಲ್ವಾ, ಆ ರೈಸ್ ಇರಬೇಕು ಅಂತ ನಾನು ಬಹಳ ದಿನ ತಿಳಿದಿದ್ದೆ. ಅದು ಎದ್ದು ನಿಲ್ಲುವ ರೈಸ್.

ಮೊದಲನೆಯ ಸಂಸ್ಥೆಯ ಪೊಟ್ಟಣದಲ್ಲಿ ಇರುವುದು ನಾಲ್ಕೇ: ವಿಟಮಿನ್ ಮತ್ತು ಖನಿಜ ಸೇರಿದ ಪುಡಿ, ಒಣಗಿಸಿದ ತರಕಾರಿ, ಸೋಯಾ, ಅಕ್ಕಿ. ಮಾಂಸ ಇಲ್ಲ, ಹಾಗಾಗಿ ಸಸ್ಯಾಹಾರಿಗಳು ಹಿಂಜರಿಯಬೇಕಿಲ್ಲ. ಒಂದು ಪೊಟ್ಟಣಕ್ಕೆ 6 ಊಟ, ಒಂದು ಡಬ್ಬಕ್ಕೆ 36 ಪೊಟ್ಟಣ. ಅಂದರೆ ಡಬ್ಬಕ್ಕೆ 216 ಊಟ. ಡಬ್ಬಗಳು ಬೇರೆ ಬೇರೆ ದೇಶಗಳಿಗೆ ಹೋಗುತ್ತವೆ. ಅಲ್ಲಿ ಕುದಿಯುವ ನೀರಿಗೆ ಹಾಕಿ ಬೇಯಿಸಿದರೆ ಊಟ ಸಿದ್ಧ.

ಮೇಜಿನ ಸುತ್ತ ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಒಬ್ಬರು ಆಲಿಕೆಯ ಕೆಳಗೆ ಚೀಲ ಹಿಡಿಯುತ್ತಾರೆ. ಬೇರೆಯವರು ಅಳತೆ ಬಟ್ಟಲಲ್ಲಿ ಪುಡಿ, ತರಕಾರಿ, ಸೋಯಾ ಸುರಿಯುತ್ತಾರೆ. ಕೊನೆಗೆ ಅಕ್ಕಿ. ಆಮೇಲೆ ತೂಕ, ಆಮೇಲೆ ಚೀಲದ ಬಾಯಿ ಬಿಸಿಯಲ್ಲಿ ಅಂಟಿಸುವುದು, ಆಮೇಲೆ ಎಣಿಸಿ ಡಬ್ಬಕ್ಕೆ. ಈ ಸಾಲಿನಲ್ಲಿ ಒಬ್ಬರು ಇಲ್ಲದಿದ್ದರೂ ಎಲ್ಲರ ಕೈ ನಿಧಾನವಾಗುತ್ತದೆ. ಇದನ್ನು ನಾನು ಅವಮಾನಪಟ್ಟು ಕಲಿತೆ. ಒಮ್ಮೆ ನಾಲ್ಕು ಜನರ ಹೆಸರು ಬರೆಸಿ ಇಬ್ಬರೇ ಹೋದೆವು, ಅದೂ ಇಪ್ಪತ್ತು ನಿಮಿಷ ತಡವಾಗಿ. ಶುಚಿಯ ನಿಯಮ ಹೇಳುವ ಹೊತ್ತು ಮುಗಿದಿತ್ತು. ಅದನ್ನು ಕೇಳದವರನ್ನು ಮೇಜಿಗೆ ಬಿಡುವಂತಿಲ್ಲ. ನಮಗೆಂದು ಇಟ್ಟಿದ್ದ ಮೇಜಿನಲ್ಲಿ ಒಬ್ಬ ಅಜ್ಜಿ, ಇಬ್ಬರು ಮೊಮ್ಮಕ್ಕಳು ಆರು ಜನರ ಕೆಲಸ ಮಾಡುತ್ತಿದ್ದರು. ನಾವು ಪಕ್ಕದ ಕೋಣೆಯಲ್ಲಿ ಖಾಲಿ ಡಬ್ಬ ಮಡಚಿ ಟೇಪ್ ಹಚ್ಚಿದೆವು. ಯಾರೂ ಬೈಯಲಿಲ್ಲ. ಬೈದಿದ್ದರೇ ವಾಸಿ ಅನಿಸಿತು. ‘ನೋಡೋಣ, ಬರ್ತೀವಿ’ ಅನ್ನುವ ನಮ್ಮ ಮಾತನ್ನು ಇಲ್ಲಿನವರು ‘ಬರುತ್ತೇವೆ’ ಅಂತಲೇ ಬರೆದುಕೊಳ್ಳುತ್ತಾರೆ. ಬರಲಾಗದಿದ್ದರೆ ಹಿಂದಿನ ದಿನವೇ ಹೇಳಿಬಿಡಿ.

ಬಳೆ, ಉಂಗುರ, ಜೋತಾಡುವ ಓಲೆ ಮನೆಯಲ್ಲೇ ಇರಲಿ. ತಾಳಿ ಏನು ಮಾಡೋದು ಅಂತ ಪ್ರತಿ ಸಲ ಯಾರಾದರೂ ಕೇಳುತ್ತಾರೆ. ನಾವು ಹೋಗುವಲ್ಲಿ ಅಂಗಿಯ ಒಳಗೆ ಸೇರಿಸಿಕೊಂಡರೆ ಆಯಿತು ಅನ್ನುತ್ತಾರೆ. ನೀವು ಹೋಗುವಲ್ಲಿ ಮೊದಲೇ ಕೇಳಿಕೊಳ್ಳಿ. ಕೂದಲಿಗೆ ಬಲೆ ಟೋಪಿ ಅವರೇ ಕೊಡುತ್ತಾರೆ. ಮುಚ್ಚಿದ ಶೂ ಹಾಕಿಕೊಳ್ಳಿ, ನೆಲದ ಮೇಲೆ ಚೆಲ್ಲಿದ ಅಕ್ಕಿ ಕಾಲು ಜಾರಿಸುತ್ತದೆ. ‘ಫೀಡ್ ಮೈ ಸ್ಟಾರ್ವಿಂಗ್ ಚಿಲ್ಡ್ರನ್’ ಕೇಂದ್ರಗಳಲ್ಲಿ 5 ವರ್ಷ ತುಂಬಿದ ಮಕ್ಕಳೂ ದೊಡ್ಡವರ ಜೊತೆ ಕೆಲಸ ಮಾಡಬಹುದು. ಬೇರೆ ಕಡೆ ವಯಸ್ಸಿನ ನಿಯಮ ಬೇರೆ ಇರಬಹುದು.

ಇನ್ನು ವೀಸಾ. ಎಚ್1ಬಿ ಅಂದರೆ ಕೆಲಸದ ವೀಸಾ, ಎಚ್4 ಅಂದರೆ ಅವರ ಗಂಡ, ಹೆಂಡತಿ, ಮಕ್ಕಳ ವೀಸಾ. ಇವುಗಳಲ್ಲಿ ಇರುವವರು ಹೆದರಿ ಮನೆಯಲ್ಲೇ ಕೂರುತ್ತಾರೆ. ಲಾಭಕ್ಕಲ್ಲದ ಸಂಸ್ಥೆಗೆ ಸಂಬಳವಿಲ್ಲದೆ ಇಂಥ ಸೇವೆ ಮಾಡುವುದಕ್ಕೆ ಕೆಲಸದ ಪರವಾನಗಿ ಬೇಡ. ಆದರೆ ಬೇರೆಯವರಿಗೆ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ನೀವು ಬಿಟ್ಟಿಯಾಗಿ ಮಾಡಿಕೊಡಬಾರದು. ಚರ್ಚ್‌ನವರು ‘ನೀವು ಐಟಿಯವರಲ್ವಾ, ವಾರಕ್ಕೆ ಇಪ್ಪತ್ತು ಗಂಟೆ ನಮ್ಮ ಕಂಪ್ಯೂಟರ್ ನೋಡ್ಕೊಳ್ಳಿ’ ಅಂದರೆ, ಒಪ್ಪುವ ಮೊದಲು ವಕೀಲರನ್ನು ಕೇಳಿ. ಪೊಟ್ಟಣ ಕಟ್ಟುವುದಕ್ಕೆ ಯಾರನ್ನೂ ಕೇಳಬೇಕಿಲ್ಲ.

ದೂರದ ದೇಶದ ಮಕ್ಕಳಷ್ಟೇ ಅಲ್ಲ, ನಿಮ್ಮ ಬೀದಿಯ ಮಕ್ಕಳೂ ಹಸಿದಿರುತ್ತಾರೆ. ಇದು ನನಗೆ ತಡವಾಗಿ ಗೊತ್ತಾಯಿತು. ಶಾಲೆಯ ಊಟಕ್ಕೆ ಸರ್ಕಾರ ನೆರವು ಕೊಡುವ ಕಾನೂನು ಇಲ್ಲಿ 1946ರಿಂದ ಇದೆ. ಬಡ ಮನೆಯ ಮಗುವಿಗೆ ಸೋಮವಾರದಿಂದ ಶುಕ್ರವಾರದವರೆಗೆ ಶಾಲೆಯಲ್ಲಿ ಊಟ ಸಿಗುತ್ತದೆ. ಶನಿವಾರ, ಭಾನುವಾರ? ಅದಕ್ಕೇ ಎಷ್ಟೋ ಚರ್ಚ್‌ಗಳು ಎರಡು ದಿನದ ತಿನಿಸನ್ನು ಚೀಲಕ್ಕೆ ತುಂಬಿ ಶುಕ್ರವಾರ ಮಗುವಿನ ಶಾಲೆಯ ಬ್ಯಾಗಿಗೆ ಸೇರಿಸುತ್ತವೆ. ಇದಕ್ಕೆ ಬ್ಯಾಕ್‌ಪ್ಯಾಕ್ ಪ್ರೋಗ್ರಾಂ ಅನ್ನುತ್ತಾರೆ. ಯಾರ ಮನೆಗೆ ಹೋಗುತ್ತದೆ ಅಂತ ನಮಗೆ ಹೇಳುವುದಿಲ್ಲ, ಕೇಳಲೂಬಾರದು.

ಇಲ್ಲಿ ನಮ್ಮವರು ಮಾಡುವ ತಪ್ಪು ಒಂದೇ: ಮನಸ್ಸು ತುಂಬಿ ಹತ್ತು ಕಿಲೋ ಅಕ್ಕಿ, ಬೇಳೆ ಹೊತ್ತು ತರುವುದು. ಏಳು ವರ್ಷದ ಮಗು ಬೇಳೆ ಬೇಯಿಸುವುದು ಹೇಗೆ? ಅಮ್ಮ ಎರಡನೇ ಪಾಳಿಯಲ್ಲಿ ಇರುತ್ತಾಳೆ. ಆ ಚೀಲಕ್ಕೆ ಮಗು ಒಬ್ಬನೇ ಬಿಚ್ಚಿ ತಿನ್ನುವಂಥದ್ದು ಬೇಕು. ಎಳೆದರೆ ತೆರೆಯುವ ಡಬ್ಬಿ, ಹಾಲಿನ ಸಣ್ಣ ಪೊಟ್ಟಣ, ಕಾರ್ನ್‌ಫ್ಲೇಕ್ಸ್ ಥರದ ಸೀರಿಯಲ್. ಗಾಜಿನ ಬಾಟಲಿ ಬೇಡ. ಕಡಲೆಕಾಯಿ ಇರುವುದನ್ನು ತರುವ ಮುಂಚೆ ಕೇಳಿ, ಅಲರ್ಜಿ ಇರುವ ಮಕ್ಕಳು ಬಹಳ. ಮನೆಯಲ್ಲಿ ಮಾಡಿದ ತಿಂಡಿಯಂತೂ ತೆಗೆದುಕೊಳ್ಳುವುದೇ ಇಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಎಷ್ಟೋ ಸಲ ದುಡ್ಡು ಕೊಡುವುದೇ ವಾಸಿ.

ಮಕ್ಕಳಿಗೆ ನೇರವಾಗಿ ಬಡಿಸುವ ಕೆಲಸಕ್ಕೆ ಹೆಸರು ಕೊಟ್ಟರೆ ನಿಮ್ಮ ಹಿನ್ನೆಲೆ ತಪಾಸಣೆ ಮಾಡಬಹುದು. ಅನುಮಾನ ಅಂದುಕೊಳ್ಳಬೇಡಿ, ಚರ್ಚ್‌ನ ಹಳಬರಿಗೂ ಅದೇ ನಿಯಮ. ಮಕ್ಕಳ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವುದಂತೂ ಬೇಡವೇ ಬೇಡ.

ಮತ್ತೊಂದು ಮಾತು, ಇದು ಲಾಭದ್ದು. ನೀವು ಸೇವೆ ಮಾಡಿದ ಗಂಟೆಗಳ ಲೆಕ್ಕಕ್ಕೆ ಆ ಸೇವಾ ಸಂಸ್ಥೆಗೆ ದುಡ್ಡು ಕೊಡುವ ಕಂಪನಿಗಳು ಎಷ್ಟೋ ಇವೆ. ನಿಮ್ಮ ಆಫೀಸಿನಲ್ಲಿ ವಿಚಾರಿಸಿ. ಹೊರಡುವಾಗ ಎಷ್ಟು ಗಂಟೆ ಕೆಲಸ ಮಾಡಿದಿರಿ ಅಂತ ಬರೆಸಿಕೊಳ್ಳಿ. ಅದಕ್ಕೂ ಮುಂಚೆ ಪೊರಕೆ ಎಲ್ಲಿದೆ ಅಂತ ಕೇಳಿ, ಮೇಜಿನ ಕೆಳಗೆ ಅಕ್ಕಿ ಬಿದ್ದಿರುತ್ತದೆ.