ಎಂಟನೇ ಕ್ಲಾಸು: ಸೇತುಬಂಧದ ಪೇಪರ್ ಎಸೆಯಬೇಡಿ

ಏಳನೇ ಕ್ಲಾಸಿನವರೆಗೆ ಊರಿನ ಶಾಲೆಯಲ್ಲಿ ಓದಿದ ಮಕ್ಕಳು ಜೂನ್ ಬಂತೆಂದರೆ ಆನಗೋಡು, ಲೋಕಿಕೆರೆ ಕಡೆಯಿಂದ ಬಸ್ ಹತ್ತಿ ದಾವಣಗೆರೆಯ ಹೈಸ್ಕೂಲಿಗೆ ಬರುತ್ತಾರೆ. ಹಳೇ ಶಾಲೆಯಲ್ಲಿ ಇಬ್ಬರು ಮೂವರು ಮೇಷ್ಟ್ರೇ ಎಲ್ಲ ವಿಷಯ ನೋಡಿಕೊಳ್ಳುತ್ತಿದ್ದರು. ಯಾವ ಹುಡುಗ ಯಾವ ಲೆಕ್ಕದಲ್ಲಿ ಎಡವುತ್ತಾನೆ ಅನ್ನುವುದು ಅವರಿಗೆ ಬಾಯಿಪಾಠ. ಇಲ್ಲಿ ಪಿರಿಯಡ್‌ಗೊಬ್ಬರು ಬರುತ್ತಾರೆ, ಹೋಗುತ್ತಾರೆ. ಅರ್ಥವಾಗದೆ ಸುಮ್ಮನೆ ಕೂತವರು ಯಾರ ಕಣ್ಣಿಗೂ ಬೀಳುವುದಿಲ್ಲ. ಎಂಟರಲ್ಲಿ ಅಂಕ ಕುಸಿಯುವುದು ಹೊಸ ಪಾಠ ಕಷ್ಟ ಅಂತಲ್ಲ, ಐದು, ಆರು, ಏಳರ ಬಾಕಿ ಉಳಿದುಕೊಂಡಿರುತ್ತದೆ ಅಂತ. ಆ ಬಾಕಿಯನ್ನು ದಸರಾ ರಜೆಯೊಳಗೆ ತೀರಿಸಬೇಕು.

ಸೇರಿಸುವ ದಿನ

ಮಗುವಿನ ಹೆಸರು, ಇನಿಷಿಯಲ್, ಹುಟ್ಟಿದ ದಿನಾಂಕ ಮೂರನ್ನೂ ಟಿಸಿ, ಆಧಾರ್ ಮತ್ತು ಹೊಸ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅಕ್ಷರ ಅಕ್ಷರ ತಾಳೆ ನೋಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಗುವುದು ಶಾಲೆಯ ದಾಖಲೆಯಲ್ಲಿರುವ ಹೆಸರೇ. ಈಗ ಸರಿಪಡಿಸುವುದು ಸುಲಭ, ಅಂಕಪಟ್ಟಿ ಬಂದ ಮೇಲೆ ಅಲೆದಾಟ.

ಗಂಡುಮಕ್ಕಳಿಗೆ ಬಸ್ ಪಾಸ್ ಮಾಡಿಸಿ. ಅರ್ಜಿ ಸೇವಾಸಿಂಧು ಪೋರ್ಟಲ್‌ನಲ್ಲಿ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಪ್ರಯಾಣ ಉಚಿತ, ಆಧಾರ್ ಬ್ಯಾಗಿನಲ್ಲಿರಲಿ. ಎರಡೂ ಖಾಸಗಿ ಬಸ್ಸಿನಲ್ಲಿ ನಡೆಯುವುದಿಲ್ಲ. ಆದ್ದರಿಂದ ಸರ್ಕಾರಿ ಬಸ್ಸಿನ ಸಮಯವನ್ನು ಹೋಗುವುದಕ್ಕೂ ಬರುವುದಕ್ಕೂ ಮೊದಲೇ ವಿಚಾರಿಸಿಕೊಳ್ಳಿ.

ಸೇತುಬಂಧ

ಶಾಲೆ ಶುರುವಾದ ಹೊಸದರಲ್ಲಿ ಹಿಂದಿನ ತರಗತಿಗಳ ಪಾಠದ ಮೇಲೆ ಸೇತುಬಂಧದ ಒಂದು ಪರೀಕ್ಷೆ ಇರುತ್ತದೆ. ಅದರ ಅಂಕ ಎಲ್ಲಿಗೂ ಸೇರುವುದಿಲ್ಲವೆಂದು ಮಕ್ಕಳು ಪೇಪರನ್ನು ಮಡಚಿ ಬಿಸಾಕುತ್ತಾರೆ. ನಮ್ಮ ದೃಷ್ಟಿಯಲ್ಲಿ ಇಡೀ ವರ್ಷದಲ್ಲಿ ಅದಕ್ಕಿಂತ ಬೆಲೆಬಾಳುವ ಪೇಪರ್ ಇನ್ನೊಂದಿಲ್ಲ. ಮನೆಗೆ ತರಿಸಿಕೊಳ್ಳಿ. ತಪ್ಪಾದ ಪ್ರಶ್ನೆಗಳನ್ನಷ್ಟೇ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ, ಪಕ್ಕದಲ್ಲಿ ಅದು ಯಾವ ಕ್ಲಾಸಿನ ಪಾಠ ಎಂದು ಗುರುತು ಹಾಕಿಸಿ.

ಗಣಿತದಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದು ಭಿನ್ನರಾಶಿ. 2/3 ಕ್ಕೆ 1/4 ಕೂಡಿಸು ಅಂದರೆ ಎಷ್ಟೋ ಮಕ್ಕಳು 3/7 ಎಂದು ಬರೆಯುತ್ತಾರೆ: ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ಬೈಯಬೇಡಿ, ಒಂದು ಪ್ರಶ್ನೆ ಕೇಳಿ: 2/3 ಅರ್ಧಕ್ಕಿಂತ ಜಾಸ್ತಿಯೋ ಕಮ್ಮಿಯೋ? ಜಾಸ್ತಿ. 3/7? ಅರ್ಧಕ್ಕಿಂತ ಕಮ್ಮಿ. ಕೂಡಿಸಿದ ಮೇಲೆ ಕಡಿಮೆಯಾಗಲು ಸಾಧ್ಯವೇ? ತಪ್ಪು ಮಗುವಿಗೇ ಹೊಳೆಯುತ್ತದೆ. ಆಮೇಲೆ ಒಂದು ರೊಟ್ಟಿಯ ಚಿತ್ರ ಬರೆದು 12 ಸಮ ತುಂಡು ಮಾಡಿಸಿ. ಮೂರರಲ್ಲಿ ಎರಡು ಪಾಲು ಅಂದರೆ 8 ತುಂಡು, ಕಾಲು ರೊಟ್ಟಿ ಅಂದರೆ 3 ತುಂಡು, ಒಟ್ಟು 11/12. ತುಂಡುಗಳ ಅಳತೆ ಒಂದೇ ಆಗುವವರೆಗೆ ಕೂಡಿಸಲು ಬರುವುದಿಲ್ಲ ಅನ್ನುವುದು ತಲೆಗೆ ಹೋದರೆ ಎಂಟನೇ ಕ್ಲಾಸಿನ ಭಾಗಲಬ್ಧ ಸಂಖ್ಯೆಗಳ ಪಾಠ ಅರ್ಧ ಮುಗಿದಂತೆ. ಋಣ ಸಂಖ್ಯೆಗಳಿಗೂ ಹೀಗೇ ನಿಧಾನ ಬೇಕು: 7 − (−3) ಎಂದರೆ 4 ಎಂದು ಬರೆಯುವವರು ಬಹಳ. ಉತ್ತರ 10. ದಿನಕ್ಕೆ ಐದೇ ಲೆಕ್ಕ ಸಾಕು, ಆದರೆ ತಪ್ಪಿಸಬಾರದು.

ಕನ್ನಡ ಮಾಧ್ಯಮದಿಂದ ಇಂಗ್ಲಿಷಿಗೆ

ಇಲ್ಲಿ ವಿಷಯ ಗೊತ್ತಿದ್ದೂ ಪದ ಗೊತ್ತಿಲ್ಲದೆ ಮಕ್ಕಳು ದಡ್ಡರೆನಿಸಿಕೊಳ್ಳುತ್ತಾರೆ. ಛೇದ ಎಂದರೆ ಏನೆಂದು ಚೆನ್ನಾಗಿ ಬಲ್ಲ ಹುಡುಗಿ ‘ಡಿನಾಮಿನೇಟರ್’ ಅಂದಾಗ ತಲೆ ತಗ್ಗಿಸುತ್ತಾಳೆ. 200 ಪುಟದ ಒಂದು ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೆರೆ ಎಳೆಸಿ. ಎಡಕ್ಕೆ ಲಸಾಅ, ಬಲಕ್ಕೆ ಎಲ್‌ಸಿಎಂ. ಎಡಕ್ಕೆ ದ್ಯುತಿಸಂಶ್ಲೇಷಣೆ, ಬಲಕ್ಕೆ ಫೋಟೋಸಿಂಥೆಸಿಸ್. ದಿನಕ್ಕೆ ಐದು ಪದ, ನಾಳೆ ಆಗುವ ಪಾಠದಿಂದಲೇ ಆಯ್ದದ್ದು. ಮೊದಲು ಕನ್ನಡದಲ್ಲಿ ಅರ್ಥ ಹೇಳಿಸಿ, ಆಮೇಲೆ ಇಂಗ್ಲಿಷ್ ವಾಕ್ಯ ಓದಿಸಿ. ಅರ್ಥ ತಿಳಿಯದೆ ಗೈಡಿನಿಂದ ಉರು ಹೊಡೆದದ್ದು ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೂ ಕೈಕೊಡುತ್ತದೆ.

ಬಸ್ಸಿಳಿದು ಬಂದ ಮಗುವನ್ನು ತಕ್ಷಣ ಓದಲು ಕೂರಿಸಬೇಡಿ. ಮಂಡಕ್ಕಿಯೋ ರೊಟ್ಟಿಯೋ ತಿಂದು ಅರ್ಧ ಗಂಟೆ ಆರಾಮಾಗಲಿ. ಮುಟ್ಟು ಶುರುವಾಗುವ ವಯಸ್ಸಿನ ಹೆಣ್ಣುಮಕ್ಕಳ ಬ್ಯಾಗಿನಲ್ಲಿ ಎರಡು ಪ್ಯಾಡ್, ಒಂದು ಒಳಉಡುಪು ಸದಾ ಇರಲಿ. ಇಲ್ಲದಿದ್ದರೆ ತಿಂಗಳಿಗೆ ಮೂರು ದಿನ ಪಾಠ ತಪ್ಪುತ್ತದೆ, ಆ ಮೂರು ದಿನದ ಪಾಠವೇ ಮುಂದೆ ಬಾಕಿ.

ಎನ್‌ಎಂಎಂಎಸ್

ಎನ್‌ಎಂಎಂಎಸ್ ಅಂದರೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನಕ್ಕೆ ನಡೆಯುವ ಪರೀಕ್ಷೆ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಈ ಪರೀಕ್ಷೆ ಎಂಟನೇ ಕ್ಲಾಸಿನಲ್ಲಿ ಮಾತ್ರ. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದು, ಏಳರಲ್ಲಿ ಶೇ 55 ಅಂಕ ಬೇಕು, ಪರಿಶಿಷ್ಟ ಮಕ್ಕಳಿಗೆ ಶೇ 50. ಪತ್ರಿಕೆ ಎರಡು, ಒಂದೊಂದರಲ್ಲಿ 90 ಪ್ರಶ್ನೆ, 90 ನಿಮಿಷ. ಅರ್ಜಿ ಶಾಲೆಯ ಮೂಲಕ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಈಗಲೇ ಹೋಗಿಬನ್ನಿ.

ಮೊದಲ ಎಫ್‌ಎ ಬಂದಾಗ

ಎಫ್‌ಎ ಅಂದರೆ ರೂಪಣಾತ್ಮಕ ಮೌಲ್ಯಮಾಪನ, ವರ್ಷದ ನಡುವೆ ಶಾಲೆಯಲ್ಲಿ ನಡೆಯುವ ಕಿರು ಪರೀಕ್ಷೆ. ಆ ಪೇಪರನ್ನು ಸೇತುಬಂಧದ ಪೇಪರಿನ ಪಕ್ಕದಲ್ಲಿಟ್ಟು ನೋಡಿ. ಅದೇ ತಪ್ಪು ಮತ್ತೆ ಕಂಡರೆ ಎರಡನ್ನೂ ಹಿಡಿದು ಆ ವಿಷಯದ ಶಿಕ್ಷಕರ ಹತ್ತಿರ ಹೋಗಿ. ‘ನಮ್ ಹುಡುಗ ಗಣಿತದಲ್ಲಿ ಹಿಂದೆ ಸರ್’ ಅನ್ನಬೇಡಿ. ‘ಛೇದ ಬೇರೆ ಬೇರೆ ಇದ್ರೆ ಕೂಡ್ಸೋಕೆ ಬರ್ತಿಲ್ಲ ಸರ್’ ಅನ್ನಿ. ಮೊದಲನೆಯದಕ್ಕೆ ‘ಟ್ಯೂಷನ್ ಹಾಕ್ಸಿ’ ಅನ್ನುವುದು ಬಿಟ್ಟು ಅವರಾದರೂ ಏನು ಹೇಳಿಯಾರು? ಎರಡನೆಯದಾದರೆ ಊಟದ ಬಿಡುವಿನಲ್ಲೇ ಕೂರಿಸಿಕೊಂಡು ಹೇಳಿಕೊಡಬಹುದು.