ಅಡ್ವಾನ್ಸಲ್ಲಿ ಮುರಿದುಕೊಂಡ ದುಡ್ಡು ವಾಪಸ್ ಬಂದದ್ದು

ಬೆಂಗಳೂರಲ್ಲಿ ನಾವು ನಾಲ್ಕು ವರ್ಷ ಇದ್ದ ಮನೆ. ಬಾಡಿಗೆ 16,000, ಅಡ್ವಾನ್ಸ್ 1,20,000. 2023ರಲ್ಲಿ ಖಾಲಿ ಮಾಡಿ ಬೀಗದ ಕೈ ಕೊಟ್ಟ ಮೇಲೆ ಓನರ್ ಖಾತೆಗೆ ಹಾಕಿದ್ದು ಬರೀ 70,500. ಫೋನ್ ಮಾಡಿದರೆ, "ಪೇಂಟಿಂಗು, ಬಾಗಿಲು, ಅದೂ ಇದೂ ಅಂತ ಮುರ್ಕೊಂಡಿದ್ದೀನಪ್ಪ, ಎಲ್ಲಾ ಕಡೆ ಹಂಗೇ" ಅಂದರು. ಹೊಸ ಮನೆಯ ಅಡ್ವಾನ್ಸಿಗೆಂದು ಹೆಂಡತಿಯ ಬಳೆ ಅಡ ಇಟ್ಟಿದ್ದೆವು. ಆ ರಾತ್ರಿ ನಿದ್ದೆ ಬರಲಿಲ್ಲ.

ಆ "ಅದೂ ಇದೂ" ಏನೆಂದು ತಿಳಿಯದೆ ಮಾತಿಗೆ ಮಾತು ಬೆಳೆಸಿ ಪ್ರಯೋಜನವಿರಲಿಲ್ಲ. "ಅಂಕಲ್, ಯಾವುದಕ್ಕೆ ಎಷ್ಟು ಅಂತ ಬರೆದು ಕಳಿಸಿ, ಬಿಲ್ ಇದ್ದರೆ ಅದನ್ನೂ" ಎಂದು ವಾಟ್ಸಾಪಿನಲ್ಲಿ ಕೇಳಿದೆ. ಮೂರು ಸಲ ಕೇಳಿದ ಮೇಲೆ ಲೆಕ್ಕ ಬಂತು: ಪೇಂಟಿಂಗ್ 32,000, ವಾಶ್‌ಬೇಸಿನ್ 8,000, ಬಚ್ಚಲುಮನೆ ಬಾಗಿಲು 6,500, ಕ್ಲೀನಿಂಗ್ 3,000. ಬಿಲ್ ಒಂದೂ ಇರಲಿಲ್ಲ.

ಅಗ್ರಿಮೆಂಟ್ ತೆಗೆದು ಓದಿದೆ. ಖಾಲಿ ಮಾಡುವಾಗ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿಯಬಹುದು ಎಂದಿತ್ತು, ಕೆಳಗೆ ನನ್ನದೇ ಸಹಿ. ಹಾಗಾಗಿ 16,000 ಒಪ್ಪಿಕೊಂಡೆ. ಬೇಸಿನ್ ಬಿರುಕು ಬಿಟ್ಟದ್ದೂ ನಮ್ಮಿಂದಲೇ. ಆದರೆ ಅದೇ ಅಳತೆಯದನ್ನು ತಂದು ಕೂರಿಸಲು ಹಾರ್ಡ್‌ವೇರ್ ಅಂಗಡಿಯವರು ಕೊಟ್ಟ ಕೊಟೇಶನ್ 3,200. ನಮ್ಮ ತಪ್ಪನ್ನು ಮೊದಲೇ ಒಪ್ಪಿಕೊಂಡದ್ದರಿಂದಲೇ ಉಳಿದ ಮಾತಿಗೆ ತೂಕ ಬಂತು ಅಂತ ನನ್ನ ನಂಬಿಕೆ.

ಬಾಗಿಲಿನದು ಕಷ್ಟವಿತ್ತು. ಅದರ ಕೆಳಭಾಗ ನೀರು ಕುಡಿದು ಉಬ್ಬಿದ್ದು ನಾವು ಬರುವ ಮೊದಲೇ, ಆದರೆ ತೋರಿಸುವುದು ಹೇಗೆ? ಹಳೆಯ ಫೋಟೋಗಳನ್ನು ಹುಡುಕುತ್ತಾ ಹೋದಾಗ ಹಾಲು ಉಕ್ಕಿಸಿದ ದಿನ ಅಮ್ಮನಿಗೆ ಕಳಿಸಿದ್ದ ಒಂದು ಸಿಕ್ಕಿತು. ಒಲೆಯ ಹಿಂದೆ ಅದೇ ಬಾಗಿಲು, ಅದೇ ಉಬ್ಬು, ಮೆಸೇಜಿನಲ್ಲಿ ತಾರೀಖು ಸಮೇತ.

ಕಾನೂನನ್ನೂ ನೋಡಿಕೊಂಡೆ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯಿಸುವುದಿಲ್ಲ. ನಮ್ಮಂಥವರಿಗೆ ಆಧಾರ ಅಗ್ರಿಮೆಂಟು ಮತ್ತು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 108ನೇ ಕಲಮಿನ ಪ್ರಕಾರ ಬಾಡಿಗೆದಾರ ಮನೆಯನ್ನು ಬಂದಾಗ ಇದ್ದ ಸ್ಥಿತಿಯಲ್ಲೇ ಒಪ್ಪಿಸಬೇಕು, ಆದರೆ ಸಹಜ ಬಳಕೆಯ ಸವಕಳಿಗೆ ಅವನು ಹೊಣೆಯಲ್ಲ. ನಾಲ್ಕು ವರ್ಷದಲ್ಲಿ ಗೋಡೆ ಮಂಕಾಗುವುದು ಸವಕಳಿಯೇ ತಾನೆ?

ಇಷ್ಟನ್ನೂ ಕನ್ನಡದಲ್ಲೇ ಎರಡು ಪುಟದ ಪತ್ರ ಮಾಡಿದೆ. ಒಪ್ಪಿದ್ದು 19,200, ಬರಬೇಕಾದ್ದು 30,300, ಹದಿನೈದು ದಿನ ಗಡುವು. ಫೋಟೋ, ಕೊಟೇಶನ್ ಲಗತ್ತಿಸಿ ಸ್ವೀಕೃತಿ ಸಹಿತ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆ. ಬಗೆಹರಿಯದಿದ್ದರೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿ ರಾಜಿ ಸಂಧಾನ ಕೇಳುತ್ತೇನೆ ಎಂದೂ ಬರೆದಿದ್ದೆ. 15100ಕ್ಕೆ ಫೋನ್ ಮಾಡಿದರೆ ಅವರು ಮಾಹಿತಿ ಕೊಡುತ್ತಾರೆ.

ಒಂಬತ್ತನೇ ದಿನ ಓನರೇ ಕರೆದರು. ಫೋಟೋವನ್ನು ಬಹಳ ಹೊತ್ತು ನೋಡಿ, "ಬಾಗಿಲು ಬಿಡು, ಕ್ಲೀನಿಂಗೂ ಬಿಡು" ಅಂದರು. ಪೇಂಟಿಂಗಿಗೆ ಮಾತ್ರ ಒಂದು ಗಂಟೆ ಹಿಡಿಯಿತು. ಕೊನೆಗೆ ಅಗ್ರಿಮೆಂಟಿನ ಸಾಲನ್ನು ಅವರ ಮಗಳೇ ಗಟ್ಟಿಯಾಗಿ ಓದಿ, "ಅಪ್ಪಾ, ಒಂದೇ ತಿಂಗಳು ಅಂತಿದೆ" ಎಂದಳು. ಸಂಜೆ 30,300 ಬಂತು. ಬಾಕಿ ಇಲ್ಲವೆಂದು ರಸೀದಿ ಬರೆದುಕೊಟ್ಟೆ. ಆ ವಾರವೇ ಬಳೆ ಬಿಡಿಸಿಕೊಂಡು ಬಂದೆವು.