ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ಮಾಯದಿದ್ದರೆ ಏನನ್ನು ನೋಡಬೇಕು?

ಸಕ್ಕರೆ ಕಾಯಿಲೆ ಇರುವವರ ಪಾದದ ಗಾಯವು ಚಿಕಿತ್ಸೆ ಆರಂಭಿಸಿ 4 ವಾರವಾದರೂ ಅರ್ಧಕ್ಕೆ ಇಳಿದಿಲ್ಲವೆಂದರೆ, ಮತ್ತೊಂದು ಮುಲಾಮು ಕೊಳ್ಳುವ ಮೊದಲು ಅದನ್ನು ಮಾಯಗೊಡದ ಕಾರಣ ಯಾವುದೆಂದು ವೈದ್ಯರೊಂದಿಗೆ ಸೇರಿ ಹುಡುಕಬೇಕು.

ಮೊದಲು ಕಾಲಿನ ಮೇಲೆ ಬೀಳುವ ಭಾರವನ್ನು ಗಮನಿಸಿ. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ಜಡವಾಗಿರುವುದರಿಂದ ರೋಗಿಗೆ ನೋವು ತಿಳಿಯುವುದಿಲ್ಲ. ನೋವಿಲ್ಲವಾದ್ದರಿಂದ ಅದೇ ಕಾಲನ್ನು ಊರಿಕೊಂಡು ಅಡುಗೆಮನೆ, ಬಚ್ಚಲು, ಅಂಗಡಿ ಎಂದು ಓಡಾಡುತ್ತಾರೆ, ಹೊಸದಾಗಿ ಕೂಡಿಕೊಳ್ಳುತ್ತಿರುವ ಮಾಂಸವು ಪ್ರತಿ ಹೆಜ್ಜೆಗೂ ಜಜ್ಜಿಹೋಗುತ್ತದೆ. ಮನೆಗಳಲ್ಲಿ ಇಷ್ಟು ಕಡೆಗಣಿಸುವ ಅಡ್ಡಿ ಇನ್ನೊಂದಿಲ್ಲವೆಂದೇ ನಾನು ಭಾವಿಸುತ್ತೇನೆ. ಗಾಯದ ಅಂಚಿನಲ್ಲಿ ಬಿಳಿಚಿದ ದಪ್ಪ ಚರ್ಮ ಕಟ್ಟಿದ್ದರೆ ಭಾರ ಅಲ್ಲಿಯೇ ಬೀಳುತ್ತಿರುವ ಸಾಧ್ಯತೆ ಹೆಚ್ಚು. ಅದನ್ನು ಮನೆಯಲ್ಲಿ ಬ್ಲೇಡಿನಿಂದ ಕೆತ್ತಬೇಡಿ; ಭಾರ ತಪ್ಪಿಸುವ ಪಾದರಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ.

ಪಾದ ಸದಾ ತಣ್ಣಗಿದ್ದರೆ ಅಥವಾ ಸ್ವಲ್ಪ ನಡೆದರೂ ಮೀನಖಂಡ ಹಿಡಿದುಕೊಂಡರೆ ರಕ್ತಸಂಚಾರ ಕುಂದಿರಬಹುದು. ಇದಕ್ಕೆ ಶಬ್ದತರಂಗದಿಂದ ರಕ್ತದ ಹರಿವನ್ನು ನೋಡುವ ಡಾಪ್ಲರ್ ಪರೀಕ್ಷೆ ಇದೆ. ಬೀಡಿ ಸಿಗರೇಟಿನ ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸಿದರೆ, ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ರಕ್ತವು ಒಯ್ಯಬೇಕಾದ ಆಮ್ಲಜನಕವನ್ನೇ ಕಡಿಮೆ ಮಾಡುತ್ತದೆ. ರಕ್ತದಲ್ಲಿ ಸಕ್ಕರೆ ಏರಿದಾಗ ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳು ದುರ್ಬಲವಾಗುತ್ತವೆ, ಸೋಂಕು ತಾನೇ ಸಕ್ಕರೆಯನ್ನು ಮತ್ತಷ್ಟು ಏರಿಸುತ್ತದೆ. ಆದ್ದರಿಂದ ಗಾಯವಿರುವಷ್ಟು ದಿನ ವೈದ್ಯರು ಹೇಳಿದಂತೆ ಮನೆಯಲ್ಲಿಯೂ ಸಕ್ಕರೆಯನ್ನು ಪರೀಕ್ಷಿಸಿ ಬರೆದಿಡಿ.

ನಮ್ಮಲ್ಲಿ ಗಾಯವಾದವರಿಗೆ ನಂಜಾಗುತ್ತದೆಂದು ಬೇಳೆ, ಮೊಟ್ಟೆ, ಮೀನು ಬಿಡಿಸಿ ಬರಿಯ ಗಂಜಿ, ತಿಳಿಸಾರು ಕೊಡುವ ರೂಢಿಯಿದೆ. ದಯವಿಟ್ಟು ಹಾಗೆ ಮಾಡಬೇಡಿ. ಹೊಸ ಅಂಗಾಂಶ ಕಟ್ಟಲು ಪ್ರೋಟೀನು ಬೇಕೇ ಬೇಕು; ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇರುತ್ತದೆ, ಸಸ್ಯಾಹಾರಿಗಳು ಬೇಳೆ, ಮೊಳಕೆಕಾಳು, ಮೊಸರನ್ನು ಹೆಚ್ಚಿಸಬಹುದು. ನೆಲ್ಲಿಕಾಯಿ, ಸೀಬೆಹಣ್ಣಿನ ವಿಟಮಿನ್ ಸಿ ಇಲ್ಲದೆ ಅಂಗಾಂಶವನ್ನು ಹಿಡಿದಿಡುವ ಕೊಲಾಜನ್ ಎಂಬ ಪ್ರೋಟೀನು ಸರಿಯಾಗಿ ರೂಪುಗೊಳ್ಳುವುದಿಲ್ಲ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಪ್ರೋಟೀನಿನ ಪ್ರಮಾಣವನ್ನು ವೈದ್ಯರಿಂದಲೇ ತಿಳಿಯಬೇಕು.

ತೆರೆದ ಗಾಯಕ್ಕೆ ಅರಿಶಿನಪುಡಿ, ಕಾಫಿಪುಡಿ ಮೆತ್ತಬಾರದು. ಸ್ಪಿರಿಟ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಹೊಸ ಜೀವಕೋಶಗಳನ್ನೂ ಸುಡುವುದರಿಂದ ಸಲೈನಿನಲ್ಲಿ (ಕ್ರಿಮಿರಹಿತ ಉಪ್ಪುನೀರಿನಲ್ಲಿ) ತೊಳೆದು ಸ್ವಚ್ಛ ಪಟ್ಟಿ ಕಟ್ಟುವುದು ಮೇಲು. ಸ್ಟೀರಾಯ್ಡ್ ಮಾತ್ರೆಗಳೂ ಮಾಯುವಿಕೆಯನ್ನು ನಿಧಾನಗೊಳಿಸುತ್ತವೆ, ಆದರೆ ಅವನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸುವುದು ಅಪಾಯಕರ.

ದುರ್ವಾಸನೆ, ಹರಡುತ್ತಿರುವ ಕೆಂಪು, ಬೆರಳು ಕಪ್ಪಾಗುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆಯವರಲ್ಲಿ ಸೋಂಕು ಆಳಕ್ಕಿಳಿದಿದ್ದರೂ ಕೆಲವೊಮ್ಮೆ ಜ್ವರ ಬರುವುದಿಲ್ಲ.